ಅರಗು

ಮಂಡಿಪೇಟೆಯ ದಸ್ತಗೀರ್ ಸಾಹೇಬರು
ಕೆಟ್ಟ ರೇಡಿಯೋಗಳ ಕರುಳು ಕಿತ್ತು
ಒಂದು ಸ್ವರಪೆಟ್ಟಿಗೆ ಕಟ್ಟಿದರು, ಎಪ್ಪತ್ತಾರರಲ್ಲಿ.
ತಿದಿಯಿಲ್ಲ, ತಂತಿಯಿಲ್ಲ. ಗುಂಡಿ ತಿರುವಿದರೆ ಜೀರುಂಡೆ,
ಇನ್ನಷ್ಟು ತಿರುವಿದರೆ ಶಹನಾಯಿ,
ನೆಗಡಿ ಹಿಡಿದ ಶಹನಾಯಿ.

ವರ್ಷ ತುಂಬುವುದರೊಳಗೆ ಟಾಕೀಸಿನ ಪಕ್ಕ
ಬಕ್ಕೇಶಪ್ಪನ ಅಂಗಡಿಯಲ್ಲೂ ಒಂದು.
ಎರಡು ಗುಂಡಿ ಜಾಸ್ತಿ, ಐವತ್ತು ರೂಪಾಯಿ ಕಮ್ಮಿ.
'ನಕಲು' ಎಂದರು ಇವರು. 'ಪೇಟೆಂಟ್ ತೋರ್ಸು' ಎಂದ ಅವನು.
ಮುಂದಿನ ಪೆಟ್ಟಿಗೆಯ ಹೊಟ್ಟೆಗೆ ಸಾಹೇಬರು
ಕರಿ ಅರಗು ಸುರಿದರು, ಇರುವೆಯೂ ಇಣುಕದಂತೆ.

ನಾನು ಬಕ್ಕೇಶಪ್ಪನ ಹುಡುಗ.
ಮದುವೆ ಆರ್ಕೆಸ್ಟ್ರಾದ ನೆಪ ಹೇಳಿ ಬಾಡಿಗೆಗೆ ತಂದೆ.
ನಡುರಾತ್ರಿ ಮಂಡಕ್ಕಿ ಭಟ್ಟಿಯ ಬಾಯಿಗೆ ಹಿಡಿದೆವು.
ಹೊಟ್ಟಿನ ಬೆಂಕಿ. ಅರಗು ನಿಧಾನ ಇಳಿಯಿತು,
ನನ್ನ ಹೆಬ್ಬೆರಳ ಮೇಲೂ ಒಂದು ಹನಿ.

ಒಳಗೆ,
ಬೇಡದ ಕಡೆ ಒಂದು ಕೆಂಪು ತಂತಿ.
ಹೋದ ಶ್ರಾವಣದಲ್ಲಿ ಬಕ್ಕೇಶಪ್ಪ
ಜ್ವರದಲ್ಲಿ ಕೂತು ಬೆಸೆದಿದ್ದ ತಪ್ಪು.
ಅದೇ ಜಾಗ. ಬಣ್ಣ ಕೂಡ ಅದೇ.

ಅವನು ಬಹಳ ಹೊತ್ತು ಬೀಡಿ ಸೇದಿದ.
'ಅರಗು ತಗಂಬಾ, ಮುಚ್ಚಾಣ.'

ಇಬ್ಬರ ಷಡ್ಜಕ್ಕೂ ಆಧಾರ ಮಿಲ್ಲಿನ ಸೈರನ್ನೇ ಆಗಿತ್ತು.
ಮಿಲ್ಲು ಮುಚ್ಚಿತು. ಅವರೂ ಹೋದರು,
ಒಬ್ಬರ ಸಾವಿಗೊಬ್ಬರು ಹೋಗದೆ.
ಎರಡು ಪೆಟ್ಟಿಗೆಯೂ ನನ್ನ ಅಟ್ಟದ ಮೇಲಿವೆ.
ಏಪ್ರಿಲ್ ಮಧ್ಯಾಹ್ನ ಒಮ್ಮೊಮ್ಮೆ ಸ್ವಿಚ್ಚು ಹಾಕುತ್ತೇನೆ.
ಸೆಕೆಗೆ ಸ್ವರ ಜಾರುತ್ತದೆ,
ಎರಡರದೂ, ಒಂದೇ ಕಡೆಗೆ.