ಒಳಮಡಿಕೆ

ನನ್ನ ಅಳತೆ ಪುಸ್ತಕದಲ್ಲಿ ನಿನಗೆ ಐದು ಹೆಸರು.

ಆರನೇ ಕ್ಲಾಸಿಗೆ ಹಾಲಮ್ಮ.
ಅಜ್ಜಿಯ ಹೆಸರು, ಹಾಗೇ ಬರಕೊಂಡೆ.
ಏಳಕ್ಕೆ, 'ಆಂಟಿ, ಅದನ್ನ ಹೊಡೆದುಹಾಕ್ರಿ,
ಹುಡುಗ್ರು ಅರ್ಧ ಲೀಟರ್ ಅಂತ ಕರೀತಾರೆ,
ಅಮೃತಾ ಅಂತ ಬರೀರಿ.'
ಬರೆದೆ, ನನ್ನಪ್ಪನ ಗಂಟೇನು ಹೋಗಬೇಕು?
ಎಂಟಕ್ಕೆ ಅಮ್ಮು. ಒಂಬತ್ತಕ್ಕೆ
ಯಾವುದೋ ಸೀರಿಯಲ್ಲಿನ ರಾಣಿಯ ಹೆಸರು,
ಒತ್ತಕ್ಷರ ಎಲ್ಲಿ ಅಂತ ಬೆರಳಿಟ್ಟು ತೋರಿಸಿದ್ದೆ ನೀನು.
ಹತ್ತಕ್ಕೆ ಪೆನ್ನು ಕಸಿದು ನೀನೇ ಗೀಚಿದ್ದು
ಬರೀ ಒಂದು 'ಹಾ', ಮುಂದೆ ಎರಡು ಚುಕ್ಕಿ.
ಆಕಳಿಸಿದ ಹಾಗಿದೆಯಲ್ಲೇ ಅಂದೆ.
ಮಿಷಿನ್ನಿನ ಮೇಲೆ ತಲೆಯಿಟ್ಟು ನಕ್ಕೆಯಲ್ಲ,
ಸೂಜಿ ಅಲುಗಿತು.

ಹೆಸರು ಬದಲಾದರೂ ಟೇಪಿಗೆ ನೀನು ಒಬ್ಬಳೇ.
ಭುಜ ಹನ್ನೆರಡು, ಹನ್ನೆರಡೂವರೆ, ಹದಿಮೂರೂ ಕಾಲು.
ಜೂನಿಂದ ಜೂನಿಗೆ ಲಂಗ ಎರಡು ಬೆರಳು ಮೇಲೆ.

ನಿಮ್ಮಪ್ಪ ಮಂಡಕ್ಕಿ ಭಟ್ಟಿಯಿಂದ ಸೀದಾ ಬರುತ್ತಿದ್ದ,
ಹುಬ್ಬಿನಲ್ಲಿ ಉಸುಕು, ಅಂಗಿ ತುಂಬ ಹೊಗೆ,
ಒಳಗೆ ಕಾಲಿಡದೆ ಮೆಟ್ಟಿಲ ಮೇಲೇ ನಿಂತು
'ಅಕ್ಕಾ, ಒಳಗೆ ಜಾಸ್ತಿ ಬಟ್ಟೆ ಬಿಡು,
ಬೆಳೆಯೋ ಹುಡುಗಿ, ಮುಂದಿನ ವರ್ಷಕ್ಕೂ ಆಗಲಿ.'
ಬಿಟ್ಟೆ. ಮೂರು ಇಂಚು ಒಳಮಡಿಕೆ.
ನೂಲು ಸಡಿಲ ಹಾಕಿದೆ, ಬಿಚ್ಚಲು ಸುಲಭವಾಗಲಿ ಅಂತ.

ಹೈಸ್ಕೂಲು ಮೈದಾನದಲ್ಲಿ ಖೋಖೋ ಆಡಿ
ಪಕ್ಕೆ ಹರಕೊಂಡು ಬರುತ್ತಿದ್ದೆ.
ಅವ್ವಂಗೆ ಹೇಳಬೇಡ್ರಿ ಅನ್ನುವುದು,
ಬಿಸಿ ಮಂಡಕ್ಕಿ ನನ್ನ ಮಡಿಲಿಗೆ ಸುರಿಯುವುದು,
ಹಸಿಮೆಣಸಿನಕಾಯಿ ಕಚ್ಚಿ ಹಾ ಹಾ ಅನ್ನುವುದು.
ಹೊಲಿಗೆ ಒಂದಕ್ಕೆ ಹತ್ತು ರೂಪಾಯಿ.
ಪುಟದ ಮೂಲೆಯಲ್ಲಿ ಇನ್ನೂ ಇದೆ, ಬಾಕಿ ಮೂವತ್ತು.

ಆಗಸ್ಟಿನಲ್ಲಿ ಜ್ವರ ಅಂದರು.
ದೊಡ್ಡಾಸ್ಪತ್ರೆಯಲ್ಲಿ ನಿನ್ನ ಅಂಕಿ ಬೇರೆ ಯಾರೋ ಬರಕೊಂಡರು.
ಬೆಳಿಗ್ಗೆ ಎಂಬತ್ತು ಸಾವಿರ, ಮರುದಿನ ನಲವತ್ತು,
ಸಂಜೆಗೆ ಹದಿನೆಂಟು.
ನಿನ್ನ ಅಂಕಿ ಇಳಿಯಬಲ್ಲದು ಅಂತ
ನನಗೆಲ್ಲಿ ಗೊತ್ತಿತ್ತು?
ಎಲೆಯ ರಸ ಕುಡಿಸಿ ಅಂತ ಯಾರೋ ಹೇಳಿ
ಖಮರುನ್ನೀಸಾಳ ಹಿತ್ತಲಿನ ಪಪ್ಪಾಯಿ
ಒಂದೇ ರಾತ್ರಿಗೆ ಬೋಳಾಯಿತು.
ಆಮೇಲೆ ಅದು ಚಿಗುರಿತು, ಕಾಯಿ ಬಿಟ್ಟಿತು, ಹಣ್ಣಾಯಿತು.
ಯಾರೂ ಕೀಳಲಿಲ್ಲ.
ಅವಳು ಕಡಿಸಿಹಾಕಿದಳು.

ನಿನ್ನನ್ನು ತಂದ ದಿನ ನಮ್ಮ ಸಾಲಿನಲ್ಲಿ
ಒಂದು ಭಟ್ಟಿಯೂ ಹೊತ್ತಲಿಲ್ಲ.
ಹೊಗೆಯಿಲ್ಲದೆ ಆಕಾಶ ಅಷ್ಟು ನೀಲಿ ಇರುತ್ತದೆಂದು
ಇಪ್ಪತ್ತೆರಡು ವರ್ಷ ಇಲ್ಲಿದ್ದು ನಾನು ನೋಡಿರಲಿಲ್ಲ.
ನೋಡಿ ಸಿಟ್ಟು ಬಂತು.

ನಿಮ್ಮವ್ವ ಟ್ರಂಕು ತೆಗೆದಳು.
ಹೊಸದು ಅಂತ ಇದ್ದದ್ದು ಯೂನಿಫಾರ್ಮ್ ಒಂದೇ.
ಅದನ್ನೇ ಹಾಕಿ ಕೂರಿಸಿದರು ನಿನ್ನನ್ನು,
ವಿಭೂತಿ, ಎರಡು ಜಡೆ, ಕೆಂಪು ರಿಬ್ಬನ್.
ಲಂಗದ ತುದಿ ಮಣಕಾಲು ಮುಚ್ಚಿತ್ತು,
ಸರಿಯಾಗಿ ಕೂತಿತ್ತು.
ಇಂಥ ಹೊತ್ತಲ್ಲೂ ನನ್ನ ಕಣ್ಣು
ಹೊಲಿಗೆಯನ್ನೇ ನೋಡಿತು, ಏನು ಮಾಡಲಿ.

ಮೂರನೇ ದಿನ ಹಾಲು-ತುಪ್ಪ.
ನನ್ನ ಕೈಗೆ ಬಂದದ್ದು ಹಾಲಿನ ಪ್ಯಾಕೆಟ್ಟು.
ಕತ್ತರಿಯವಳು ನಾನು, ಕತ್ತರಿ ಮರೆತು ಬಂದಿದ್ದೆ,
ಹಲ್ಲಲ್ಲಿ ತುದಿ ಹರಿದೆ.
ಹಸಿ ಮಣ್ಣಿನ ಮೇಲೆ ಬಗ್ಗಿದಾಗ
ಹಿಂದಿನಿಂದ ಒಂದು ಹುಡುಗಿ, ಮೆಲ್ಲಗೆ, 'ಅರ್ಧ ಲೀಟರ್.'
ಇನ್ನೊಬ್ಬಳು ಕಿಸಕ್ಕನೆ ನಕ್ಕಳು,
ನಕ್ಕದ್ದಕ್ಕೆ ಬಾಯಿ ಮುಚ್ಚಿಕೊಂಡು
ಬಿಕ್ಕಿದಳು.
ಹಾಲು ಇಂಗಲು ಸ್ವಲ್ಪ ಹೊತ್ತು ಹಿಡಿಯಿತು.

ಮತ್ತೆ ಜೂನು. ಅಂಗಡಿ ತುಂಬ ನೀಲಿ ಬಟ್ಟೆ,
ಬಾಗಿಲಲ್ಲಿ ಅಪ್ಪಂದಿರು.
ನಿನ್ನ ಪುಟ ಬಂದರೆ ಎರಡೆರಡು ಹಾಳೆ ಸೇರಿಸಿ ತಿರುವುತ್ತೇನೆ.
ಒಳಮಡಿಕೆ ಈಗಲೂ ಬಿಡುತ್ತೇನೆ,
ಯಾರೂ ಕೇಳದಿದ್ದರೂ, ಮೂರು ಇಂಚು.

ರಾತ್ರಿ ಮಿಷಿನ್ನಿಗೆ ಬಟ್ಟೆ ಹೊದಿಸುವಾಗ
ಒಂದು ಮಾತು ಹೇಳಿ ದೀಪ ಆರಿಸುತ್ತೇನೆ.
ನೂಲು ಸಡಿಲ ಹಾಕಿದ್ದೇನೆ, ಹಾಲಮ್ಮ.
ಚಿಕ್ಕದಾದರೆ
ತುದಿ ಹಿಡಿದು ಎಳಿ, ಬಿಚ್ಚಿಕೊಳ್ಳುತ್ತೆ.