ಹೊರಗಿನದು

ರಾತ್ರಿ ಹತ್ತೂವರಿ. ಬ್ಯಾಡಗಿ ಕೋಲ್ಡ್ ಸ್ಟೋರೇಜಿನ ಹಿಂದ
ಬಣ್ಣ ಅಳಿಯೂ ಖೋಲಿ.
ಅಸಿಟೋನಿನಾಗ ನೆನೆದ ಮೆಣಸಿನಪುಡಿ
ಗಾಜಿನ ಕೊಳವಿಯೊಳಗ ಕೆಂಪಗ ಕೂತೈತಿ.
ಯಂತ್ರಕ್ಕ ಮಾತ್ರ ಕಣ್ಣಿಲ್ಲ.
ಮಧ್ಯಾಹ್ನ ಯಾರೋ ಅಪ್‌ಡೇಟ್ ಒತ್ತ್ಯಾರ.
ಕರ್ನೆಲ್ ಹೊಸಾದು, ಡ್ರೈವರ್ ಹಳೇದು,
ಬಾಗಲಾ ಬದಲಾದ ಮನಿ ಮುಂದ ಹಳೇ ಕೀಲಿ ಹಿಡಕೊಂಡು ನಿಂತೀನಿ.

ನಾಳೆ ಗುರುವಾರ, ಟೆಂಡರು.
ಹದಿನೇಳು ನಮೂನಿ, ಒಂದಕ್ಕೂ ಅಂಕಿ ಇಲ್ಲ.
"ಕಣ್ಣಿಲೇ ನೋಡಿ ಬರದು ಬಿಡ" ಅಂತ ಫೋನಿನಾಗ ಅಡತಿ ಅಂಗಡಿಯವರು.
ಕಣ್ಣು ಯಾರ ಚೀಲದ ಕಡೆ ವಾಲತೈತಿ
ಅವರಿಗೂ ಗೊತ್ತು, ನನಗೂ ಗೊತ್ತು.

ಮೇಕ್ ಅಂದೆ.
ಪರದಿ ತುಂಬ ಕೆಂಪು ಸಾಲು,
ಕಣದಾಗ ಹರವಿದ ಕಾಯಿ ಹಂಗ.
ಮದಲನೇ ತಪ್ಪು ಹಿಡಿ, ಉಳಿದಾವೆಲ್ಲ ಅದರ ಮಕ್ಕಳು:
ಹಿಂಗಂತ ಕಲಿಸಿದವರು ದುರಗಪ್ಪ ಮಾದರ,
ಮೋಟೆಬೆನ್ನೂರವರು, ಈ ಡ್ರೈವರ್ ಬರದವರು.
ಏರಿದೆ, ಏರಿದೆ, ಸೀನಿದೆ, ಮತ್ತ ಏರಿದೆ.
ಇನ್ನೂರಾ ಹನ್ನೆರಡನೇ ಸಾಲು. ಆರ್ಗ್ಯುಮೆಂಟು ಹೆಚ್ಚಾಗ್ಯಾವ.

ಅಲ್ಲಿ ಮದಲ ಎರಡು ಕೇಳತಿತ್ತು:
ಒಡಿಯಾ ಯಾರು, ಹೆಸರೇನು.
ಹೊಸಾದಕ್ಕ ಹೆಸರು ಸಾಕಂತ.
ಒಡಿಯಾನ್ನ ಅಳಿಸಿದೆ. ಜೋಡಿ ಒಂದು ಅಲ್ಪವಿರಾಮನೂ ಹೋತು.

ಅದರ ಕೆಳಗ, ಇಂಗ್ಲಿಷ್ ಅಕ್ಷರದ ಕನ್ನಡದಾಗ, ಅವರ ಟಿಪ್ಪಣಿ:
ಈ ಹತ್ತು ಮಿಲಿಸೆಕೆಂಡ್ ತಗೀಬ್ಯಾಡ್ರಿ,
ದೀಪಕ್ಕ ದಮ್ಮು ಬೇಕು.
ತಗೀಲಿಲ್ಲ.

ಮೇಕ್. ಸುಮ್ಮನ ಕಟ್ಟಿಕೊಂತು.
ಒಳಗ ಕಳಸಿದ್ರ, ಆಕಾರ ಸರಿಯಿಲ್ಲಂತ.
ಓಡೂ ಕರ್ನೆಲ್ಲು ಮೂವತ್ತೊಂದು,
ಡಿಸ್ಕಿನಾಗಿನ ಹೆಡರ್ ಇಪ್ಪತ್ತೆಂಟು.
ಅಣ್ಣನ ಅಳತಿ ಕೊಟ್ಟು ತಮ್ಮಗ ಅಂಗಿ ಹೊಲಿಸಿದಂಗ.
ಸರಿ, ಹೆಡರ್ ತರಿಸಿದೆ, ಮತ್ತ ಕಟ್ಟಿದೆ.
ಈಗ ರುಜು ಯಾರದು ಅಂತು.
ಕೀಲಿ ಮಾಡಿ, ರುಜು ಹಾಕಿ, ರೀಬೂಟು.
ನೀಲಿ ಪರದಿ ಪಾಸ್‌ವರ್ಡ್ ಕೇಳಿತು,
ಅಂಗೈ ಮ್ಯಾಲ ಬರಕೊಂಡಿದ್ದೆ, ಬೆವರಿಗೆ ಅರ್ಧ ಅಳಿಸಿತ್ತು.

ಹನ್ನೆರಡೂವರಿಗೆ ಒಳಗ ಹೋತು.
ಲಾಗಿನಾಗ ಒಂದು ಸಾಲು:
ಮರದ ಹೊರಗಿನ ಮಾಡ್ಯೂಲ್ ಬಂದು
ಕರ್ನೆಲ್ ಮೈಲಿಗಿ ಆತು.

ಈ ಸಾಲು ಮದಲ ಸಲ ತೋರಿಸಿದವರೂ ಅವರೇ.
ಆವಾಗ ಕ್ಯಾಂಟೀನಿನಾಗ ನಮಗೆಲ್ಲ ಗಾಜಿನ ಗ್ಲಾಸು,
ಅವರಿಗೊಂದು ಕಾಗದದ ಕಪ್ಪು.
"ಸ್ವಚ್ಛ ಇರತೈತ್ರಿ ಸರ್" ಅಂತಿದ್ದ ಚಾದಾಂವ,
ಕಪ್ಪು ಟೇಬಲ್ ಮ್ಯಾಲ ಇಟ್ಟು, ಕೈ ಹಿಂದಕ್ಕ ತಗೊಂಡು.
"ನೋಡವಾ ಹಸೀನಾ, ಇದರಾಗೂ ಐತಿ" ಅಂದು ನಕ್ಕಿದ್ದರು.
"ಆದ್ರ ಇದು ಬಾಯಿಬಿಟ್ಟು ಹೇಳತೈತಿ.
ಹೇಳಿದ ಮ್ಯಾಲ ಕೆಲಸಾನೂ ತಡಿಯೂದಿಲ್ಲ."
ನನಗ ನಗಬೇಕೋ ಬ್ಯಾಡೋ ತಿಳೀಲಿಲ್ಲ.
ನನ್ನ ಗ್ಲಾಸು ಕೈಯಾಗ ಸುಡತಿತ್ತು.

ಮುಂದಿನ ಸಾಲು: ಸಾಧನ ಸಿಕ್ಕಿತು.
ಕೊಳವಿ ಒರಸಿ ಇಟ್ಟೆ.
ನೂರಾ ಅರವತ್ತೆರಡು. ಡಬ್ಬಿ ಕಾಯಿ. ಯಾರದೋ ಗೊತ್ತಿಲ್ಲ,
ಚೀಟಿ ಮ್ಯಾಲ ಬರೇ ನಂಬರು.

ಎರಡನೇದು ಇಟ್ಟೆ.
ದೀಪ ಹತ್ತು ಮಿಲಿಸೆಕೆಂಡ್ ದಮ್ಮು ತಗೊಂತು.