ಕೇಳಲಿಕ್ಕೆ ಏನಾದರೂ ಉಂಟಾ?

ಫೈಲನ್ನು ಅಷ್ಟು ಎದೆಗೊತ್ತಿಕೊಳ್ಳಬೇಡ ಮಾರಾಯ್ತಿ,
ಅದು ಮೀನಿನ ಬುಟ್ಟಿಯಲ್ಲ, ಕಾಗೆ ಬರುವುದಿಲ್ಲ.
ಸ್ವಲ್ಪ ಈಚೆ ಸರಿ. ಆ ಕೊನೆಯಲ್ಲಿ ಬೆಂಚಿನ ಕಾಲು ಸರಿ ಇಲ್ಲ.
ಹೆಸರು ಓದಿದೆ: ನಿಶ್ಮಿತಾ ತಿಂಗಳಾಯ, ಬಿ.ಕಾಂ.,
ಅಂಚಿನಲ್ಲಿ ಗಮ್ಮು ಇನ್ನೂ ಒದ್ದೆ.
ಒಳಗೆ ಮೂವರಿದ್ದಾರೆ. ಅವರ ಚಹಾ ಮುಗಿಯುವವರೆಗೆ
ನಮಗೆ ಹತ್ತು ನಿಮಿಷ ಉಂಟು.

ಎಲ್ಲ ಆದ ಮೇಲೆ ಕುರ್ಚಿಗೆ ಒರಗಿ ಅನ್ನುತ್ತಾರೆ,
"ನಿಮಗೆ ಕೇಳಲಿಕ್ಕೆ ಏನಾದರೂ ಉಂಟಾ?"
ಉಂಟು ಅನ್ನುವ ಮೊದಲು ನನ್ನ ಮಾತು ಕೇಳು.

ಸಂಬಳ ಕೇಳಬೇಡ. ಅವರಾಗಿ ಬಾಯಿ ಬಿಡುವವರೆಗೆ
ಗಾಳ ಹಾಕಿದವನ ಹಾಗೆ ಸುಮ್ಮನಿರು.
ರಜೆ ಕೇಳಬೇಡ. ಅಷ್ಟಮಿಗೆ, ಮಾರಿಪೂಜೆಗೆ, ಅಕ್ಕನ ಸೀಮಂತಕ್ಕೆ
ಆಗಾಗ ಒಂದು ಜ್ವರ ಬಂದರೆ ಸಾಕು.
"ಇಲ್ಲಿ ಎಂಥ ಕೆಲಸ?" ಅಂತ ಕೇಳಲೇಬೇಡ.
ಸೋಮವಾರ ಒಬ್ಬ ಹುಡುಗ ಕೇಳಿದ.
ಹೊರಗೆ ಐಸ್ ಪುಡಿಮಾಡುವ ಯಂತ್ರ ಹಲ್ಲು ಕಡಿಯುತ್ತಿತ್ತು,
ಮಲ್ಪೆಯ ಅರ್ಧ ಲಾರಿಗಳು ಸಾಲು ನಿಂತು ನೀರು ಸುರಿಸುತ್ತಿದ್ದವು.
ಧಣಿಗಳು ಎದ್ದು ಕಿಟಕಿ ತೆಗೆದು ತೋರಿಸಿದರು. ಅಷ್ಟೇ.
ಬಡ್ತಿ ಯಾವಾಗ ಅಂತಲೂ ಬೇಡ,
ಈ ಕಟ್ಟಡಕ್ಕೆ ಮಹಡಿಯೇ ಇಲ್ಲ.

ಟಾಯ್ಲೆಟ್ ಎಲ್ಲಿ ಅಂದರೆ ಮೂವರೂ ಮೇಜು ನೋಡುತ್ತಾರೆ.
ನನ್ನಲ್ಲಿ ಕೇಳು: ಬೀಗದ ಕೈ ಕ್ಯಾಲೆಂಡರಿನ ಹಿಂದೆ, ಮೊಳೆಯಲ್ಲಿ.
ಅಮೋನಿಯಾ ಕೋಣೆ ದಾಟಬೇಕು,
ಉಸಿರು ಬಿಗಿಹಿಡಿದು ಹದಿನಾಲ್ಕು ಹೆಜ್ಜೆ.
ಕಡೆಯ ಬಸ್ಸು ಎಷ್ಟಕ್ಕೆ ಅಂದರೆ
"ಹುಡುಗಿಗೆ ಮನೆಯ ಅವಸರ" ಅಂತ ಬರೆದುಕೊಳ್ಳುತ್ತಾರೆ.
ಎಂಟೂ ಇಪ್ಪತ್ತಕ್ಕೆ. ಕಲ್ಮಾಡಿ ದಾಟಿದರೆ ಖಾಲಿ,
ಡ್ರೈವರನ ಹಿಂದಿನ ಸೀಟು ಹಿಡಿ.

ಅವರು ಮಾತ್ರ ಎಲ್ಲ ಕೇಳುತ್ತಾರೆ:
ಮದುವೆ ಯಾವಾಗ, ಅಪ್ಪ ಯಾರ ಬೋಟಿನಲ್ಲಿ,
ಸ್ಕೂಟಿ ಉಂಟಾ, ಬೂತಾಯಿ ವಾಸನೆಗೆ ತಲೆನೋವು ಬರುತ್ತದಾ.
ಅವರು ಏನು ಕೇಳಬಾರದು ಅಂತ
ಅವರಿಗೆ ಹೇಳಿಕೊಡುವ ಬೆಂಚು ಯಾವ ಆಫೀಸಿನಲ್ಲೂ ಇಲ್ಲ.
ನಗು. ಹಲ್ಲು ಕಾಣದ ಹಾಗೆ.

ಇನ್ನು ಎರಡು ಉಳಿದವು.

ಜೂನ್, ಜುಲೈ.
ಬೋಟುಗಳೆಲ್ಲ ಹಗ್ಗ ಕಟ್ಟಿಸಿಕೊಂಡು
ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಅರವತ್ತೊಂದು ದಿನ
ಐಸಿಗೆ ಗಿರಾಕಿ ಇಲ್ಲ, ಯಂತ್ರಕ್ಕೂ ನಿದ್ದೆ.
ಆಗ ಸಂಬಳ ಉಂಟಾ ಅಂತ ಕೇಳಬೇಡ.
ನಾನು ಸೇರಿದ ದಿನ, ಐಸ್ ಎಳೆಯುವ ಅಪ್ಪಿಯಕ್ಕನಲ್ಲಿ ಕೇಳಿದ್ದೆ.
ಕೊಕ್ಕೆ ಕೆಳಗಿಟ್ಟು ನಕ್ಕಳು:
"ಒಂದು ಕೊಡೆ ಕೊಡುತ್ತಾರೆ ಮಗಾ, ಕಪ್ಪು.
ಸಂಬಳ ಅದರ ಒಳಗೆ ಹುಡುಕು."
ನನ್ನ ಮನೆಯಲ್ಲಿ ಹನ್ನೊಂದು ಕೊಡೆ ಉಂಟು.
ಎರಡು ಅಮ್ಮ ನೆರೆಮನೆಗೆ ಕೊಟ್ಟಳು, ಅದು ಬಿಟ್ಟು.

ಮತ್ತೊಂದು,
"ಮೊದಲು ಇದ್ದವರು ಯಾಕೆ ಬಿಟ್ಟರು?"
ಮೋನಪ್ಪ ಮ್ಯಾನೇಜರು ಕನ್ನಡಕ ಒರೆಸಿ
"ಮನೆ ಕಡೆ ಏನೋ ತೊಂದರೆಯಂತೆ" ಅನ್ನುತ್ತಾರೆ.
ನನ್ನ ಮನೆಯಲ್ಲಿ ತೊಂದರೆ ಇಲ್ಲ.
ಮೇ ತಿಂಗಳ ಕೊನೆಯ ಶನಿವಾರ
ಮತ್ತೊಂದು ಕೊಡೆ ತಂದು ಮೇಜಿನ ಮೇಲೆ ಇಟ್ಟರು,
ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ.
ಬಾಯಿ ತಪ್ಪಿ ಕೇಳಿಬಿಟ್ಟೆ.
ಜೋರಾಗಿಯೂ ಅಲ್ಲ,
ಕೂಡಿಸುವಾಗ ದಶಕ ಎಷ್ಟು ಅಂದ ಹಾಗೆ.
ಯಾರೂ ಬೈಯಲಿಲ್ಲ.
ಆಗಸ್ಟಿಗೆ ಯಂತ್ರ ಎದ್ದಾಗ ನನ್ನ ಕುರ್ಚಿಗೆ
ಪೇಪರಿನಲ್ಲಿ ಜಾಹೀರಾತು ಬಂದಿತ್ತು.

ಕರೆಯುತ್ತಿದ್ದಾರೆ, ಏಳು. ಸೆರಗಿನ ಪಿನ್ನು ಸರಿ ಉಂಟು.
ಲೆಡ್ಜರಿನ ನೂರಾರನೆಯ ಪುಟದವರೆಗೆ ನೀಲಿ ಶಾಯಿ ನನ್ನದು,
ಆಚೆ ನೀನು ಯಾವ ಬಣ್ಣದಲ್ಲಾದರೂ ಬರೆ.
ಫ್ಯಾನಿನ ಸ್ವಿಚ್ಚನ್ನು ಒದ್ದೆ ಕೈಯಲ್ಲಿ ಮುಟ್ಟಬೇಡ.

ಮತ್ತೆ, ಒಂದು ನಿಮಿಷ, ನಿಶ್ಮಿತಾ,
ಇಷ್ಟೆಲ್ಲ ಹೇಳಿದ ಮೇಲೂ
ಆ ಒಂದನ್ನು ಕೇಳಿಯೇಬಿಡೋಣ ಅಂತ ನಿನಗೆ ಅನ್ನಿಸಿದರೆ
ಸ್ವಲ್ಪ ಜೋರಾಗಿ ಕೇಳು.
ನಾನು ಇಲ್ಲೇ ಕೂತಿರುತ್ತೇನೆ.
ಹಲಗೆಯ ಬಾಗಿಲು,
ಕೇಳುತ್ತದೆ.